ತೂಗುಸೇತುವೆಯ ಹಗ್ಗದೊಳಗೆ ಏನಾಗುತ್ತಿದೆ?

ಗುಜರಾತಿನ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ರ ಸಂಜೆ ತೂಗುಸೇತುವೆಯೊಂದು ಕಳಚಿ ಮಚ್ಛು ನದಿಗೆ ಬಿತ್ತು. 135 ಜನ ಸತ್ತರು. ತಿಂಗಳುಗಟ್ಟಲೆ ದುರಸ್ತಿ ನಡೆಸಿ, ಹಳೆಯ ಮರದ ಹಲಗೆ ಕಿತ್ತು, ಅಲ್ಯೂಮಿನಿಯಂ ಹಾಸು ಹೊದೆಸಿ, ಸೇತುವೆಯನ್ನು ಜನರಿಗೆ ಬಿಟ್ಟು ಆಗ ನಾಲ್ಕೇ ದಿನವಾಗಿತ್ತು. ವಿಶೇಷ ತನಿಖಾ ತಂಡ ಆಮೇಲೆ ಕೊಟ್ಟ ವರದಿಯಲ್ಲಿ ಒಂದು ಲೆಕ್ಕವಿದೆ. ಮುಖ್ಯ ಕೇಬಲ್ಲಿನ 49 ತಂತಿಗಳ ಪೈಕಿ 22 ತುಕ್ಕು ತಿಂದಿದ್ದವು. ಅವು ಆ ಸಂಜೆಗೆ ಮುಂಚೆಯೇ ತುಂಡಾಗಿದ್ದಿರಬಹುದು ಎಂಬುದು ತಂಡದ ಅಂದಾಜು. ಹೊಸ ಹಾಸಿನ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದವರ ಭಾರವನ್ನು ಬಹುಶಃ ಅರ್ಧ ಹಗ್ಗವೇ ಹೊತ್ತಿತ್ತು.

ಇದನ್ನು ದೂರದ ಗುಜರಾತಿನ ಸುದ್ದಿ ಎಂದು ಮಡಚಿಡುವ ಸೌಕರ್ಯ ದಕ್ಷಿಣ ಕನ್ನಡ ಜಿಲ್ಲೆಯ ಕಾಣಿಯೂರು, ಕಡಬ, ಸುಳ್ಯ ಕಡೆಯವರಿಗಿಲ್ಲ. ಇದು ಹೊಳೆಗಳ ನಾಡು. ಕುಮಾರಧಾರಾ ಇಲ್ಲಿನ ತೋಟಗಳ ನಡುವೆ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಸುಳ್ಯದ ಪಯಸ್ವಿನಿ ಕೆಳಗೆ ಕಾಸರಗೋಡಿನಲ್ಲಿ ಚಂದ್ರಗಿರಿಯಾಗುತ್ತದೆ. ಇವೆರಡರ ನಡುವಿನ ತೋಡುಗಳನ್ನು ಎಣಿಸಿದವರಿಲ್ಲ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಒಂದು ಕಾಲಕ್ಕೆ ಮಳೆಗಾಲವೆಂದರೆ ಅಡಿಕೆ ಮರ ಅಡ್ಡಹಾಕಿದ ಕಾಲುಸಂಕ, ಇಲ್ಲವೇ ದೋಣಿ, ಎರಡೂ ಇಲ್ಲದಿದ್ದರೆ ಮನೆಯಲ್ಲೇ ಉಳಿಯುವುದು.

ಆ ಚಿತ್ರ ಬದಲಾಗತೊಡಗಿದ್ದು 1989ರಲ್ಲಿ. ಸುಳ್ಯದ ಮೆಕ್ಯಾನಿಕಲ್ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಅರಂಬೂರಿನಲ್ಲಿ ಪಯಸ್ವಿನಿಗೆ ಅಡ್ಡಲಾಗಿ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಊರವರು ಬಂದು ಕೇಳಿದರು, ಅವರು ಕಟ್ಟಿಕೊಟ್ಟರು. ಎರಡು ದಡದಲ್ಲಿ ಗೋಪುರ, ಗೋಪುರದ ಮೇಲಿಂದ ಉಕ್ಕಿನ ಹಗ್ಗ, ಹಗ್ಗದಿಂದ ಇಳಿಬಿಟ್ಟ ಸರಳುಗಳು, ಸರಳುಗಳ ತುದಿಗೆ ತೂಗಿದ ನಡೆಯುವ ಹಾಸು, ಹಗ್ಗದ ತುದಿಗೆ ನೆಲದಲ್ಲಿ ಹೂತ ಕಾಂಕ್ರೀಟ್ ದಿಮ್ಮಿ. ದೊಡ್ಡ ಸೇತುವೆಗೆ ತಗಲುವ ದುಡ್ಡಿನ ಸಣ್ಣ ಪಾಲಿನಲ್ಲಿ, ಕೆಲವೇ ತಿಂಗಳಲ್ಲಿ, ಹೊಳೆಯ ನಡುವೆ ಒಂದೂ ಕಂಬವಿಲ್ಲದೆ ಕೆಲಸ ಮುಗಿಯುತ್ತಿತ್ತು. ಮುಂದೆ ಕರ್ನಾಟಕ, ಕೇರಳ, ಆಂಧ್ರ, ಒಡಿಶಾಗಳಲ್ಲಿ ಅವರು ಕಟ್ಟಿದ ಸೇತುವೆಗಳ ಸಂಖ್ಯೆ ನೂರು ದಾಟಿತು. 2017ರಲ್ಲಿ ಪದ್ಮಶ್ರೀ ಬಂತು. ಸೇತುವೆ ಇಲ್ಲದ ಕಾರಣ ಶಾಲೆ ಬಿಟ್ಟ ಮಕ್ಕಳ, ಆಸ್ಪತ್ರೆಗೆ ತಲುಪಲಾಗದ ಬಾಣಂತಿಯರ ಕಾಲವನ್ನು ಈ ಉಕ್ಕಿನ ಹಗ್ಗಗಳು ಕೊನೆಗೊಳಿಸಿದವು ಎಂದರೆ ಉತ್ಪ್ರೇಕ್ಷೆಯಾಗದು.

ಆ ಮೊದಲ ವರ್ಷಗಳ ಸೇತುವೆಗಳಿಗೆ ಈಗ ಮೂವತ್ತರ ಆಚೆಯ ವಯಸ್ಸು. ಕಟ್ಟಿದ್ದು ಸರಿಯಿತ್ತೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಅದಕ್ಕೆ ಮೂವತ್ತು ಮಳೆಗಾಲಗಳೇ ಉತ್ತರ ಕೊಟ್ಟಿವೆ. ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರು, ಅವರು ಏನನ್ನು ನೋಡುತ್ತಾರೆ ಎಂಬುದೇ ಪ್ರಶ್ನೆ. ಸಾಮಾನ್ಯವಾಗಿ ನಡೆಯುವುದು ಇಷ್ಟು: ಹಾಸಿನ ಮೇಲೆ ಒಂದು ಸುತ್ತು ನಡೆದು, ಬೋಲ್ಟು ಬಿಗಿದು, ಬಣ್ಣ ಬಳಿದು, ಹಗ್ಗದ ಹೊರಮೈಗೆ ಗ್ರೀಸ್ ಹಚ್ಚುವುದು. ಕಣ್ಣಿಗೆ ಕಾಣುವುದಕ್ಕೆ ಇದು ಸಾಕು. ಆದರೆ ಉಕ್ಕಿನ ಹಗ್ಗ ಒಂದೇ ಸರಳಲ್ಲ, ಹತ್ತಾರು ತಂತಿಗಳನ್ನು ಹೊಸೆದು ಮಾಡಿದ ಎಳೆಗಳ ಕಟ್ಟು. ಒಳಗಿನ ಗ್ರೀಸ್ ವರ್ಷಗಳಲ್ಲಿ ಒಣಗುತ್ತದೆ. ಮಳೆನೀರು ಎಳೆಗಳ ಸಂದಿನಲ್ಲಿ ಇಳಿದು, ಇಳಿಜಾರು ಹಿಡಿದು, ಕೊನೆಗೆ ಹೋಗಿ ನಿಲ್ಲುವುದು ಹಗ್ಗ ಕಾಂಕ್ರೀಟ್ ದಿಮ್ಮಿಯೊಳಗೆ ಹೊಗುವ ಜಾಗದಲ್ಲಿ, ಇಲ್ಲವೇ ಕ್ಲಾಂಪಿನ ಅಡಿಯಲ್ಲಿ. ಕಣ್ಣು ತಲುಪದಿರುವುದೂ ಅಲ್ಲಿಗೇ.

ಈ ಕುರುಡು ಜಾಗಕ್ಕೆ ಒಂದು ದಾರಿ ಇದೆ. ಎಂಜಿನಿಯರುಗಳು ಅದನ್ನು ‘ಗೈಡೆಡ್ ವೇವ್’ ಎನ್ನುತ್ತಾರೆ. ವಸ್ತುವಿನ ಗಡಿಯೇ ದಾರಿಯಾಗಿ, ಅದರ ಉದ್ದಕ್ಕೂ ಸಾಗುವ ಶ್ರವಣಾತೀತ ಅಲೆಗಳು ಇವು.

ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗಿನ ಸದ್ದನ್ನಷ್ಟೇ ಕೇಳಬಲ್ಲದು. ಅದಕ್ಕೂ ಮೇಲಿನದು ಶ್ರವಣಾತೀತ, ಅಲ್ಟ್ರಾಸಾನಿಕ್. ಆಸ್ಪತ್ರೆಯ ಸ್ಕ್ಯಾನಿಂಗ್‌ನಲ್ಲಿ ಬಳಸುವುದೂ ಇದನ್ನೇ. ಕಾರ್ಖಾನೆಗಳಲ್ಲಿ ಉಕ್ಕಿನ ಬಿರುಕು ಹುಡುಕಲು ದಶಕಗಳಿಂದ ಬಳಕೆಯಲ್ಲಿರುವ ಸಾಮಾನ್ಯ ಅಲ್ಟ್ರಾಸಾನಿಕ್ ಪರೀಕ್ಷೆಯಲ್ಲಿ ಕಂಪನ ಸೆಕೆಂಡಿಗೆ ಹತ್ತಾರು ಲಕ್ಷದ ಲೆಕ್ಕದಲ್ಲಿರುತ್ತದೆ. ಅಲೆ ಪುಟ್ಟದು, ನೋಟ ಚುರುಕು. ಒಂದು ಮಿತಿಯೆಂದರೆ ಉಪಕರಣದ ಮುಖ ಒತ್ತಿದ ಜಾಗದ ಸುದ್ದಿಯನ್ನಷ್ಟೇ ಅದು ಹೇಳುತ್ತದೆ. ಸಂತೆಯಲ್ಲಿ ಹಲಸಿನ ಹಣ್ಣನ್ನು ತಟ್ಟಿ ನೋಡುವವರ ಕೈಗೆ ಆ ಒಂದು ಹಣ್ಣಿನ ಹದವಷ್ಟೇ ತಿಳಿಯುವಂತೆ, ಪಕ್ಕದ್ದರ ಹದ ಬೇಕಿದ್ದರೆ ಪಕ್ಕದ್ದನ್ನೂ ತಟ್ಟಬೇಕು. ನೂರು ಮೀಟರ್ ಉದ್ದದ ವಸ್ತುವನ್ನು ಹೀಗೆ ಅಂಗುಲ ಅಂಗುಲವಾಗಿ ನೋಡುವುದು ಯಾರಿಗೂ ಆಗದ ಕೆಲಸ. ಮಣ್ಣೊಳಗೆ, ಹೊದಿಕೆಯೊಳಗೆ ಇದ್ದರಂತೂ ಸಾಧ್ಯವೇ ಇಲ್ಲ.

ಕಂಪನವನ್ನು ಸೆಕೆಂಡಿಗೆ ಕೆಲವು ಹತ್ತು ಸಾವಿರಕ್ಕೆ ಇಳಿಸಿದರೆ ಆಟ ಬದಲಾಗುತ್ತದೆ. ಸೆಕೆಂಡಿಗೆ 50,000 ಕಂಪನದ ಅಲೆಗೆ ಉಕ್ಕಿನಲ್ಲಿ ಸುಮಾರು 6 ಸೆಂಟಿಮೀಟರ್ ಉದ್ದ. ಉದಾಹರಣೆಗೆ ಒಂದು ಉಕ್ಕಿನ ಕೊಳವೆ ತೆಗೆದುಕೊಳ್ಳಿ, ಅದರ ಗೋಡೆ ಈ ಅಲೆಯ ಉದ್ದಕ್ಕಿಂತ ತೆಳು. ಆ ಅಲೆ ಗೋಡೆಯೊಳಗೆ ಅತ್ತಿತ್ತ ಪುಟಿದು ಚದುರುವ ಬದಲು ಇಡೀ ಗೋಡೆಯನ್ನೇ ತುಂಬಿಕೊಂಡು ಕೊಳವೆಯುದ್ದಕ್ಕೂ ಓಡುತ್ತದೆ. ದಾರಿಯಲ್ಲಿ ಎಲ್ಲೇ ಗೋಡೆ ಸವೆದಿರಲಿ, ಬಿರಿದಿರಲಿ, ಅಲೆಯ ಒಂದು ಪಾಲು ಹಿಂದಿರುಗುತ್ತದೆ. ಕೊಳವೆಯನ್ನು ತುಸುವೇ ತಿರುಚುತ್ತಾ ಓಡುವ ‘ತಿರುಚು ಅಲೆ’ ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 3,200 ಮೀಟರ್ ಸಾಗುತ್ತದೆ. 30 ಮೀಟರ್ ದೂರದ ಗಾಯದ ಸುದ್ದಿ ಹೋಗಿ ಬರಲು ಒಂದು ಸೆಕೆಂಡಿನ ಐವತ್ತನೇ ಒಂದು ಭಾಗ ಸಾಕು. ಹಿಂದಿರುಗಲು ಹಿಡಿದ ಸಮಯದಿಂದ ಗಾಯ ಎಲ್ಲಿದೆ ಎಂಬುದು, ಸದ್ದಿನ ಬಲದಿಂದ ಅದು ಎಷ್ಟು ದೊಡ್ಡದೆಂಬ ಅಂದಾಜು ಸಿಗುತ್ತದೆ.

ಗಣಿತ ಹಳೆಯದು. ಭೌತವಿಜ್ಞಾನಿ ಲಾರ್ಡ್ ರೇಲಿ 1885ರಲ್ಲಿ ಘನವಸ್ತುವಿನ ಮೇಲ್ಮೈಯಲ್ಲಿ ಹರಿಯುವ ಅಲೆಗಳ ಲೆಕ್ಕ ಬರೆದ. ಇಂಗ್ಲೆಂಡಿನ ಗಣಿತಜ್ಞ ಹೊರೇಸ್ ಲ್ಯಾಂಬ್ 1917ರಲ್ಲಿ ತೆಳು ತಗಡಿನೊಳಗಿನ ಅಲೆಗಳ ಸಮೀಕರಣ ಬಿಡಿಸಿದ. ಲ್ಯಾಂಬ್ ಅಲೆ ಎಂಬ ಹೆಸರು ಅಲ್ಲಿಂದ ಬಂತು. ಅದನ್ನು ಕಾರ್ಖಾನೆಯ ಕೆಲಸಕ್ಕೆ ಹಚ್ಚಲು ಮುಕ್ಕಾಲು ಶತಮಾನ ಹಿಡಿಯಿತು. ಕಾರಣ ಸರಳವಾಗಿಲ್ಲ. ಒಂದೇ ತಗಡಿನಲ್ಲಿ ಒಂದೇ ಹೊತ್ತಿಗೆ ಹಲವು ಬಗೆಯ ಅಲೆಗಳು ಹುಟ್ಟುತ್ತವೆ. ಪ್ರತಿಯೊಂದರ ವೇಗ ಬೇರೆ. ಆ ವೇಗವೂ ಕಂಪನದ ಜತೆ, ತಗಡಿನ ದಪ್ಪದ ಜತೆ ಬದಲಾಗುತ್ತದೆ. ಚುರುಕಾಗಿ ಹೊರಟ ಸದ್ದು ಕೆಲವೇ ಮೀಟರಿನಲ್ಲಿ ಎಳೆದುಕೊಂಡು ಮಸುಕಾಗುತ್ತದೆ. ಹಿಂದಿರುಗಿದ್ದು ಗಾಯದ ಸುದ್ದಿಯೋ, ಬೆಸುಗೆಯ ಸುದ್ದಿಯೋ ಗೊತ್ತಾಗುವುದಿಲ್ಲ. 1990ರ ದಶಕದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಪೀಟರ್ ಕಾಲಿ, ಡೇವಿಡ್ ಅಲೈನ್ ಮತ್ತು ಜತೆಗಾರರು ಯಾವ ಅಲೆಯನ್ನು ಎಬ್ಬಿಸಬೇಕು, ಯಾವುದನ್ನು ಅಡಗಿಸಬೇಕು ಎಂಬುದನ್ನು ಕಂಡುಕೊಂಡ ಮೇಲೆ ಇದು ಕೆಲಸಕ್ಕೆ ಬಂತು. ಕೊಳವೆಯ ಸುತ್ತ ಒಂದು ಪಟ್ಟಿ ಕಟ್ಟಿ ತಿರುಚು ಅಲೆ ಬಿಟ್ಟರೆ ಎರಡೂ ಬದಿಗೆ ಹತ್ತಾರು ಮೀಟರ್ ನೋಡಬಹುದು. ತೈಲ ಶುದ್ಧೀಕರಣ ಘಟಕಗಳಲ್ಲಿ ಶಾಖ ಸೋರದಂತೆ ಹೊದಿಕೆ ಹಾಕಿದ ಕೊಳವೆಗಳಿಗೆ ಇದು ವರವಾಯಿತು, ಏಕೆಂದರೆ ತುಕ್ಕು ನೋಡಲು ಇಡೀ ಹೊದಿಕೆ ಸುಲಿಯುವ ಅಗತ್ಯ ಉಳಿಯಲಿಲ್ಲ.

ಮಣ್ಣಿನಡಿ ಅಷ್ಟು ಸುಲಭವಿಲ್ಲ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಹೋಗುವ, ಬೆಳ್ತಂಗಡಿ ತಾಲೂಕಿನ ನೆರಿಯದಲ್ಲಿ ಪಂಪು ಮನೆಯಿರುವ ಪೆಟ್ರೋಲ್–ಡೀಸೆಲ್ ಕೊಳವೆಮಾರ್ಗ ಸುಮಾರು 360 ಕಿಲೋಮೀಟರ್ ಉದ್ದವಿದೆ. ಹೂತ ಕೊಳವೆಯಿಂದ ಅಲೆಯ ಶಕ್ತಿ ಮಣ್ಣಿಗೆ ಸೋರಿಹೋಗುತ್ತದೆ, ನೋಟ ಕುಗ್ಗುತ್ತದೆ. ಅಂಥ ಕಡೆ ಕೊಳವೆಯೊಳಗೇ ಓಡುವ ಯಂತ್ರ ಹೆಚ್ಚು ವಾಸಿ. ರಸ್ತೆಯಡಿ ಇನ್ನೊಂದು ಕೊಳವೆಯೊಳಗೆ ಹಾದುಹೋಗುವ ತುಣುಕುಗಳಿಗೆ ಗೈಡೆಡ್ ವೇವ್ ಸರಿಹೊಂದುತ್ತದೆ. 2021ರಲ್ಲಿ ಬಂಟ್ವಾಳ ತಾಲೂಕಿನಲ್ಲಿ ಈ ಮಾರ್ಗಕ್ಕೆ ತೂತು ಕೊರೆದು ಡೀಸೆಲ್ ಕದ್ದವರು ಸಿಕ್ಕಿಬಿದ್ದರು. ತುಕ್ಕಿಗಿಂತ ಬೇಗ ಕೆಲಸ ಮಾಡುವವರೂ ಇದ್ದಾರೆ.

ಹಗ್ಗದ ವಿಚಾರಕ್ಕೆ ಬಂದರೆ, ಉಕ್ಕಿಗೆ ಒಂದು ಗುಣವಿದೆ: ಕಾಂತಕ್ಷೇತ್ರದೊಳಗಿಟ್ಟರೆ ಅದು ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ಹಿಗ್ಗುತ್ತದೆ, ಕುಗ್ಗುತ್ತದೆ. 1842ರಲ್ಲಿ ಭೌತವಿಜ್ಞಾನಿ ಜೇಮ್ಸ್ ಜೂಲ್ ಕಂಡ ಸಂಗತಿ ಇದು. ಹಗ್ಗದ ಸುತ್ತ ಒಂದು ಸುರುಳಿ ಸುತ್ತಿ, ಅದರಲ್ಲಿ ವಿದ್ಯುತ್ತನ್ನು ಬೇಕಾದ ವೇಗದಲ್ಲಿ ಏರಿಳಿಸಿದರೆ ಹಗ್ಗವೇ ಕಂಪಿಸಿ ಅಲೆ ಹುಟ್ಟುತ್ತದೆ. ಗ್ರೀಸ್ ಒರೆಸುವುದು ಬೇಡ, ಬಣ್ಣ ಕೆರೆಯುವುದು ಬೇಡ. ಅಮೆರಿಕದ ಸ್ಯಾನ್ ಅಂಟೋನಿಯೋದಲ್ಲಿರುವ ಸೌತ್‌ವೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಹೆಗಿಯಾನ್ ಕ್ವುನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಈ ವಿಧಾನವನ್ನು ಬೆಳೆಸಿದರು. ಸೇತುವೆಯ ಕೇಬಲ್ಲುಗಳ ಮೇಲೂ ಪ್ರಯೋಗಿಸಿದರು. ಇನ್ನೊಂದು ಕುತೂಹಲದ ಸಂಗತಿ 1998ರಲ್ಲಿ ಅವರ ಕಣ್ಣಿಗೆ ಬಿತ್ತು. ಹೊಸೆದ ಎಳೆಯನ್ನು ಬಿಗಿಯಾಗಿ ಎಳೆದಾಗ ಒಂದು ನಿರ್ದಿಷ್ಟ ಕಂಪನದ ಅಲೆ ದಾಟದೆ ಮಾಯವಾಗುತ್ತದೆ, ಎಳೆತ ಹೆಚ್ಚಿದಂತೆ ಮಾಯವಾಗುವ ಆ ಕಂಪನವೂ ಮೇಲೇರುತ್ತದೆ. ಹಾಗಾಗಿ ಹಗ್ಗ ತುಂಡಾಗಿದೆಯೇ ಎಂಬುದರ ಜತೆಗೆ, ಅದು ಎಷ್ಟು ಭಾರ ಹೊತ್ತಿದೆ ಎಂಬ ಸುಳಿವೂ ಅದೇ ಸದ್ದಿನಲ್ಲಿ ಅಡಗಿರುತ್ತದೆ.

ತೊಡಕುಗಳೂ ಇವೆ, ಅವನ್ನು ಮುಚ್ಚಿಡುವುದು ಮಾರಾಟಗಾರರ ಕೆಲಸ. ಹಗ್ಗದಲ್ಲಿ ಅಲೆ ಒಂದು ತಂತಿಯಿಂದ ಇನ್ನೊಂದಕ್ಕೆ ದಾಟುತ್ತಾ ಬಳಲುತ್ತದೆ. ಪ್ರತಿ ಕ್ಲಾಂಪೂ ತನ್ನದೇ ಪ್ರತಿಧ್ವನಿ ಕೊಡುತ್ತದೆ. ಒಂದೆರಡು ಒಳತಂತಿ ಮುರಿದರೆ ಬರುವ ಸದ್ದು ಸಣ್ಣದು. ಬೆಳಗಿನ ತಂಪಿನಲ್ಲಿ ತೆಗೆದ ದಾಖಲೆಗೂ ಮಧ್ಯಾಹ್ನದ ಬಿಸಿಲಿನ ದಾಖಲೆಗೂ ವ್ಯತ್ಯಾಸ ಬರುತ್ತದೆ. ಇಷ್ಟರ ನಡುವೆ ಗಾಯವನ್ನು ಬೇರ್ಪಡಿಸುವ ಅತ್ಯಂತ ನೆಚ್ಚಿನ ಉಪಾಯ ಹೋಲಿಕೆ. ಹಗ್ಗ ಗಟ್ಟಿಯಾಗಿದ್ದಾಗ ತೆಗೆದ ದಾಖಲೆಯನ್ನು ಇಂದಿನದರ ಪಕ್ಕ ಇಟ್ಟರೆ ಕ್ಲಾಂಪುಗಳ ಪ್ರತಿಧ್ವನಿ ಎರಡರಲ್ಲೂ ಇರುತ್ತದೆ, ಹೊಸದಾಗಿ ಬಂದದ್ದು ಮಾತ್ರ ಎದ್ದು ಕಾಣುತ್ತದೆ. ಮೊದಲ ದಾಖಲೆಯೇ ಇಲ್ಲದಿದ್ದರೆ ಎಷ್ಟು ದುಬಾರಿ ಉಪಕರಣ ತಂದರೂ ಅರ್ಧ ಊಹೆಯೇ. ಈ ಲೇಖನದ ವಾದವೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ: ಸುಳ್ಯ–ಕಡಬ–ಪುತ್ತೂರಿನ ತೂಗುಸೇತುವೆಗಳ ಹಗ್ಗಗಳು ಇನ್ನೂ ಭಾರ ಹೊರುತ್ತಿರುವಾಗಲೇ ಅವುಗಳ ಮೊದಲ ದಾಖಲೆ ತೆಗೆದಿಡಬೇಕು.

ಕಾಣಿಯೂರಿನವರಿಗೆ ಉದ್ದದ ಉಕ್ಕು ಅಂದರೆ ಮೊದಲು ನೆನಪಾಗುವುದು ರೈಲುಹಳಿ. ಮಂಗಳೂರು–ಹಾಸನ ಮಾರ್ಗ 1979ರಲ್ಲಿ ಮೀಟರ್ ಗೇಜಾಗಿ ಪೂರ್ಣಗೊಂಡಿತು. ಬ್ರಾಡ್ ಗೇಜಿಗೆ ಬದಲಾಯಿಸಲು ಮುಚ್ಚಿದ್ದು ಗೂಡ್ಸ್ ಗಾಡಿಗಳಿಗೆ ಮತ್ತೆ ತೆರೆದದ್ದು 2006ರಲ್ಲಿ, ಪ್ರಯಾಣಿಕರಿಗೆ 2007ರ ಡಿಸೆಂಬರಿನಲ್ಲಿ. ಕಬಕ ಪುತ್ತೂರು, ನರಿಮೊಗರು, ಕಾಣಿಯೂರು, ಎಡಮಂಗಲ, ಕೋಡಿಂಬಾಳ ದಾಟಿ ಸುಬ್ರಹ್ಮಣ್ಯ ರೋಡ್ ತಲುಪಿದ ಮೇಲೆ 57 ಸುರಂಗಗಳ ಘಟ್ಟ ಶುರುವಾಗುತ್ತದೆ. ಘಟ್ಟದಲ್ಲಿ ಜನ ಹೆದರುವುದು ಗುಡ್ಡ ಕುಸಿತಕ್ಕೆ, ಅದು ಸಹಜ. 2018ರಲ್ಲೂ 2024ರಲ್ಲೂ ಕುಸಿತದಿಂದ ಓಡಾಟ ನಿಂತಿತ್ತು. ಹಳಿಯ ಒಳಗಿನ ಬಿರುಕು ಅಷ್ಟು ಸದ್ದು ಮಾಡುವುದಿಲ್ಲ. ಕೀಮ್ಯಾನ್ ದಿನವೂ ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು ಕೀಲಿ, ಬೋಲ್ಟು ನೋಡುತ್ತಾನೆ. ಅದಲ್ಲದೆ ಹಳಿಯ ಮೇಲೆ ತಳ್ಳುಗಾಡಿ ದೂಡಿಕೊಂಡು, ನೀರು ಸುರಿಸುತ್ತಾ, ಅಲ್ಟ್ರಾಸಾನಿಕ್ ಪರೀಕ್ಷೆ ಮಾಡುವ ತಂಡಗಳಿವೆ. ಭಾರತೀಯ ರೈಲ್ವೆ ಈ ಕೆಲಸದಲ್ಲಿ ಪಳಗಿದ್ದೇ ಸರಿ. ಆದರೆ ಅದು ಪಾಳಿಯ ಕೆಲಸ. ಇಂದು ನೋಡಿ ಹೋದ ಹಳಿ ಮುಂದಿನ ಪಾಳಿ ಬರುವುದರೊಳಗೆ ಮುರಿಯಬಹುದು.

ದಕ್ಷಿಣ ಆಫ್ರಿಕದವರು ಇದಕ್ಕೆ ಗೈಡೆಡ್ ವೇವ್ ಹಚ್ಚಿದರು. ಸಿಶೆನ್ ಗಣಿಯಿಂದ ಸಲ್ಡಾನಾ ಬಂದರಿಗೆ ಕಬ್ಬಿಣದ ಅದಿರು ಸಾಗಿಸುವ ಸುಮಾರು 860 ಕಿಲೋಮೀಟರ್ ಮಾರ್ಗ ಬಹುಪಾಲು ಬರಡು ನೆಲದಲ್ಲಿ ಹೋಗುತ್ತದೆ. ಅಲ್ಲಿ ಒಂದೆರಡು ಕಿಲೋಮೀಟರಿಗೊಂದರಂತೆ ಹಳಿಗೆ ಸದ್ದು ಬಿಡುವ ಪೆಟ್ಟಿಗೆ, ಮುಂದೆ ಕೇಳುವ ಪೆಟ್ಟಿಗೆ ಇಟ್ಟರು. ಸದ್ದು ಬಂದರೆ ಹಳಿ ಸರಿಯಿದೆ, ಬಾರದಿದ್ದರೆ ತುಂಡಾಗಿದೆ, ಗಾಡಿ ನಿಲ್ಲಿಸು. ಜಾಣತನ ಇಲ್ಲಿ ಕಡಿಮೆ, ಉಪಯೋಗ ಹೆಚ್ಚು. ಭಾರತದಲ್ಲಿಯೂ ಉತ್ತರದ ವಲಯಗಳಲ್ಲಿ ಈ ವ್ಯವಸ್ಥೆಯ ಪ್ರಯೋಗ ನಡೆಯಿತು. ಆಳುಗಳು ರಾತ್ರಿ ಮಳೆಯಲ್ಲಿ ಗಸ್ತು ತಿರುಗುವ ಘಟ್ಟದ ಮಾರ್ಗಕ್ಕೆ ಇಂಥದ್ದು ಏಕೆ ಮೊದಲ ಸಾಲಿನಲ್ಲಿ ಬರಬಾರದು ಎಂದು ಕರಾವಳಿಯ ಸಂಸದರು ಕೇಳಿದರೆ ತಪ್ಪಾಗದು.

ಕೇಳುವುದಕ್ಕೆ ಮುನ್ನ ಹ್ಯಾಟ್‌ಫೀಲ್ಡ್ ನೆನಪಿರಲಿ. ಲಂಡನ್ನಿನ ಉತ್ತರಕ್ಕಿರುವ ಆ ಊರಿನ ಬಳಿ 2000ದ ಅಕ್ಟೋಬರ್ 17ರಂದು ವೇಗದ ರೈಲೊಂದು ಹಳಿ ತಪ್ಪಿ ನಾಲ್ವರು ಸತ್ತರು. ಹಳಿ 300ಕ್ಕೂ ಹೆಚ್ಚು ಚೂರಾಗಿತ್ತು. ಆ ಹಳಿ ಕೆಟ್ಟಿದೆ ಎಂಬುದು ಮೊದಲೇ ಗೊತ್ತಿತ್ತು. ಬದಲಿ ಹಳಿಯನ್ನು ತಂದು ಪಕ್ಕದಲ್ಲೇ ಮಲಗಿಸಿ ತಿಂಗಳುಗಳಾಗಿದ್ದವು. ಪತ್ತೆ ಹಚ್ಚುವ ಯಂತ್ರಕ್ಕೂ ಸರಿಪಡಿಸುವ ಸಹಿಗೂ ನಡುವೆ ಎಷ್ಟು ಕಡತ ಹಿಡಿಸುತ್ತದೆ ಎಂಬುದನ್ನು ಯಾವ ಅಲೆಯೂ ಅಳೆಯುವುದಿಲ್ಲ.

ಕರ್ನಾಟಕದಲ್ಲಿ ಈ ವಿದ್ಯೆಗೆ ಬರವಿಲ್ಲ ಎಂಬುದು ಸಮಾಧಾನವೂ ಹೌದು, ನಾಚಿಕೆಯೂ ಹೌದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಏರೋಸ್ಪೇಸ್ ವಿಭಾಗದಲ್ಲಿ ಎಸ್. ಗೋಪಾಲಕೃಷ್ಣನ್, ಡಿ. ರಾಯ್ ಮಹಾಪಾತ್ರ ಮೊದಲಾದವರು ಇಂಥ ಅಲೆಗಳ ಲೆಕ್ಕಾಚಾರದಲ್ಲಿ ವರ್ಷಗಳಿಂದ ದುಡಿದಿದ್ದಾರೆ. ಅದೇ ಊರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ವಿಮಾನದ ಸಂಯುಕ್ತ ವಸ್ತುಗಳ ಆರೋಗ್ಯ ತಪಾಸಣೆಯಲ್ಲಿ ತೊಡಗಿದೆ. ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ 45ರಷ್ಟು ಇಂಥ ಸಂಯುಕ್ತ ವಸ್ತು, ಮುಖ್ಯವಾಗಿ ಕಾರ್ಬನ್ ಫೈಬರ್. ಅದರ ಕಾಯಿಲೆಯೇ ಬೇರೆ. ಕೆಲಸಗಾರನ ಕೈಯಿಂದ ಸ್ಪ್ಯಾನರ್ ಜಾರಿ ರೆಕ್ಕೆಯ ಮೇಲೆ ಬಿದ್ದರೆ ಮೇಲ್ಮೈಯಲ್ಲಿ ಗೀರೂ ಕಾಣದಿರಬಹುದು, ಒಳಗೆ ಪದರ ಪದರ ಬಿಟ್ಟುಕೊಂಡಿರುತ್ತದೆ. ವಿದ್ಯುತ್ತನ್ನು ಕಂಪನವಾಗಿ, ಕಂಪನವನ್ನು ವಿದ್ಯುತ್ತಾಗಿ ಬದಲಿಸುವ, ಬಟ್ಟೆಗುಂಡಿಯಷ್ಟು ಪುಟ್ಟ ಪೀಜೋ ಬಿಲ್ಲೆಗಳನ್ನು ತಗಡಿಗೆ ಅಂಟಿಸಿ, ಒಂದರಿಂದ ಲ್ಯಾಂಬ್ ಅಲೆ ಬಿಟ್ಟು ಉಳಿದವುಗಳಲ್ಲಿ ಕೇಳಿದರೆ ಬಿಟ್ಟುಕೊಂಡ ಪದರ ಎಲ್ಲಿದೆ ಎಂದು ತಿಳಿಯುತ್ತದೆ.

ಕಾರ್ಬನ್ ಫೈಬರ್ ಎಂದಾಗ ಪುತ್ತೂರು ಕಡೆಯ ಅಡಿಕೆ ಬೆಳೆಗಾರರು ಯುದ್ಧವಿಮಾನಕ್ಕಿಂತ ಮೊದಲು ನೆನೆಯುವುದು ದೋಟಿಯನ್ನು. ಮರ ಹತ್ತುವ ಆಳುಗಳು ಸಿಗದ ಕಾಲದಲ್ಲಿ ನೆಲದ ಮೇಲೆ ನಿಂತೇ ಗೊನೆ ಇಳಿಸುವ, ಬೋರ್ಡೋ ದ್ರಾವಣ ಸಿಂಪಡಿಸುವ ಉದ್ದದ ಹಗುರ ದೋಟಿ ಇಲ್ಲಿನ ತೋಟಗಳಿಗೆ ಬಂದಿದೆ, ಅದರ ಬಳಕೆಗೆ ತರಬೇತಿ ಶಿಬಿರಗಳೂ ನಡೆದಿವೆ. ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ, ಕರೆಂಟ್ ತಂತಿಯಿಂದ ದೂರವಿರಿ ಎಂಬ ಎಚ್ಚರಿಕೆ ಅಲ್ಲಿ ಮೊದಲ ಪಾಠ. ದೋಟಿಗೆ ಯಾರೂ ಪೀಜೋ ಬಿಲ್ಲೆ ಅಂಟಿಸಬೇಕಾಗಿಲ್ಲ. ಮುರಿದರೆ ದುಡ್ಡು ಹೋಗುತ್ತದೆ, ಜೀವ ಹೋಗುವುದು ಅಪರೂಪ. ಎಲ್ಲಿ ತಪಾಸಣೆ ಬೇಕು, ಎಲ್ಲಿ ಬೇಡ ಎಂಬ ತಾರತಮ್ಯ ತೋಟದವರಿಗೆ ಚೆನ್ನಾಗಿಯೇ ಗೊತ್ತು. ಸರಕಾರಿ ಯೋಜನೆಗಳಲ್ಲಿ ಅದು ಕಾಣುವುದು ಕಡಿಮೆ.

ಈ ತಾರತಮ್ಯ ಕಾಂಕ್ರೀಟ್ ಸೇತುವೆಗಳ ವಿಷಯದಲ್ಲಿಯೂ ಬೇಕು. 2018ರ ಜೂನ್ 25ರ ಸಂಜೆ ಬಂಟ್ವಾಳ ಕಡೆಯ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿಯಿತು. 2021ರ ಜೂನ್‌ನಲ್ಲಿ ಅದೇ ನದಿಯ ಮರವೂರು ಸೇತುವೆ ತಗ್ಗಿತು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಒಂದು ಲಾರಿಯ ಸಮೇತ ನೀರಿಗೆ ಬಿತ್ತು, ಚಾಲಕ ಬದುಕಿದ್ದು ಅದೃಷ್ಟ. ಇವುಗಳಿಗೆ ಗೈಡೆಡ್ ವೇವ್ ಔಷಧಿಯಾಗುತ್ತಿತ್ತು ಎನ್ನುವವರನ್ನು ನಂಬಬಾರದು. ಜಲ್ಲಿ, ಮರಳು, ಸಿಮೆಂಟು, ನೀರು ಬೆರೆತ ಕಾಂಕ್ರೀಟಿನಲ್ಲಿ ಈ ಅಲೆ ಬೇಗ ಚದುರಿಹೋಗುತ್ತದೆ. ಒಳಗಿನ ಕಂಬಿಯಿಂದಲೂ ಸುತ್ತಲಿನ ಕಾಂಕ್ರೀಟಿಗೆ ಸೋರುತ್ತದೆ. ಕಾಂಕ್ರೀಟಿಗೆ ಬೇರೆ ಪರೀಕ್ಷೆಗಳಿವೆ: ಅಡ್ಡಲಾಗಿ ಸದ್ದು ಹಾಯಿಸಿ ವೇಗ ಅಳೆಯುವುದು, ಪುಟಿಯುವ ಸುತ್ತಿಗೆ, ಕಂಬಿಯ ತುಕ್ಕಿನ ವಿದ್ಯುತ್ ಅಳತೆ. ಕಂಬದ ಬುಡದ ಮರಳನ್ನು ಮಷಿನ್ ಇಟ್ಟು ತೆಗೆದಿದ್ದರೆ ಇದ್ಯಾವುದೂ ಬೇಡ, ಬೇಸಗೆಯಲ್ಲಿ ಹೊಳೆಗೆ ಇಳಿದು ನೋಡಿದರೆ ಸಾಕು.

ಹಾಗಾದರೆ ತೂಗುಸೇತುವೆಯನ್ನೇ ಏಕೆ ಆರಿಸಬೇಕು? ಅದರ ಭಾರ ಹೊರುವ ಅಂಗಗಳು ಬೆರಳೆಣಿಕೆಯವು, ಒಂದು ಹೋದರೆ ಇನ್ನೊಂದು ತಡೆದುಕೊಳ್ಳುವ ಭರವಸೆ ಕಡಿಮೆ. ಅಮೆರಿಕದ ಓಹಾಯೊ ನದಿಯ ಮೇಲಿನ ಸಿಲ್ವರ್ ಬ್ರಿಡ್ಜ್ 1967ರ ಡಿಸೆಂಬರ್ 15ರಂದು ವಾಹನಗಳ ದಟ್ಟಣೆಯ ಹೊತ್ತಿನಲ್ಲಿ ಕುಸಿದು 46 ಜನ ಸತ್ತಾಗ ಸಿಕ್ಕ ಕಾರಣ, ಸರಪಳಿಯ ಒಂದು ಕೊಂಡಿಯ ಕಣ್ಣಿನೊಳಗಿದ್ದ ಸುಮಾರು ಎರಡೂವರೆ ಮಿಲಿಮೀಟರ್ ಆಳದ ಬಿರುಕು. ಬಿಚ್ಚದೆ ನೋಡಲು ಬಾರದ ಜಾಗ ಅದು. ಆ ದುರಂತದಿಂದಲೇ ಅಮೆರಿಕದಲ್ಲಿ ಸೇತುವೆ ತಪಾಸಣೆಯ ರಾಷ್ಟ್ರೀಯ ನಿಯಮ ಹುಟ್ಟಿತು, 1971ರಲ್ಲಿ ಜಾರಿಗೆ ಬಂತು. ಎರಡು ವರ್ಷಕ್ಕೊಮ್ಮೆ ತಪಾಸಣೆ ಅಲ್ಲಿನ ಸಾಮಾನ್ಯ ಕಟ್ಟಳೆ. 2018ರ ಆಗಸ್ಟ್ 14ರಂದು ಇಟಲಿಯ ಜಿನೋವಾದಲ್ಲಿ ಮೊರಾಂಡಿ ಸೇತುವೆ ಬಿದ್ದು 43 ಜನ ಹೋದಾಗಲೂ ಸಂಶಯ ಮೊದಲು ಹೊರಳಿದ್ದು ಕಾಂಕ್ರೀಟಿನೊಳಗೆ ಅಡಗಿದ ಉಕ್ಕಿನ ಎಳೆಗಳ ತುಕ್ಕಿನತ್ತ.

ಭಾರತದಲ್ಲಿ ಸೇತುವೆಗಳ ಪಟ್ಟಿ ಮಾಡುವ ಕೆಲಸ ಆಗಿಲ್ಲವೆಂದಲ್ಲ. 2016ರಲ್ಲಿ ಕೇಂದ್ರ ಸರಕಾರ ಸೇತುವೆ ನಿರ್ವಹಣಾ ವ್ಯವಸ್ಥೆಯೊಂದನ್ನು ಆರಂಭಿಸಿ ಒಂದು ಲಕ್ಷಕ್ಕೂ ಹೆಚ್ಚು ಸೇತುವೆಗಳಿಗೆ ಗುರುತು ಸಂಖ್ಯೆ ಕೊಟ್ಟಿತು. ಅವು ರಾಷ್ಟ್ರೀಯ ಹೆದ್ದಾರಿಯವು. ಶಾಲೆಯ ಮಕ್ಕಳೂ ಹಾಲಿನ ಕ್ಯಾನ್ ಹೊತ್ತವರೂ ದಾಟುವ ಹಳ್ಳಿಯ ತೂಗುಸೇತುವೆ ಆ ಪಟ್ಟಿಗೆ ಸೇರುವಂಥದ್ದಲ್ಲ. ಅದಕ್ಕೆ ದುಡ್ಡು ಒಂದು ಕಾಲದಲ್ಲಿ ಒಂದು ನಿಧಿಯಿಂದ ಬಂದಿರುತ್ತದೆ, ಜತೆಗೆ ಊರವರ ಶ್ರಮದಾನ; ಆಮೇಲೆ ಯಾರದ್ದೆಂದು ಕೇಳಿದರೆ ಪಂಚಾಯತು ಲೋಕೋಪಯೋಗಿಯತ್ತ, ಲೋಕೋಪಯೋಗಿ ಜಿಲ್ಲಾ ಪಂಚಾಯತಿನತ್ತ ಕೈ ತೋರಿಸಿದರೆ ಆಶ್ಚರ್ಯವಿಲ್ಲ. ತುಕ್ಕಿಗೆ ಈ ಕಚೇರಿಗಳ ಗಡಿ ಗೊತ್ತಿಲ್ಲ.

ಖರ್ಚಿನ ಮಾತು ಬಂದೇ ಬರುತ್ತದೆ. ಬೀದಿದೀಪದ ಬಲ್ಬಿಗೇ ಪರದಾಡುವ ಪಂಚಾಯತಿಗೆ ವಿದೇಶಿ ಉಪಕರಣವೇ ಎಂದು ಯಾರಾದರೂ ನಕ್ಕರೆ ತಪ್ಪಿಲ್ಲ. ಪಂಚಾಯತು ಉಪಕರಣ ಕೊಳ್ಳುವುದೇ ಬೇಡ. ಸುರತ್ಕಲ್ಲಿನ ಎನ್‌ಐಟಿಕೆ ಇದೇ ಜಿಲ್ಲೆಯಲ್ಲಿದೆ. ಸುಳ್ಯದಲ್ಲಿ ಕೆವಿಜಿ ಎಂಜಿನಿಯರಿಂಗ್ ಕಾಲೇಜಿದೆ, ಪುತ್ತೂರಿನಲ್ಲಿ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜಿದೆ. ಚೆನ್ನೈಯ ಐಐಟಿಯಲ್ಲಿ ಹಾನಿಮಾಡದೆ ಪರೀಕ್ಷಿಸುವ ವಿದ್ಯೆಗೆಂದೇ ಒಂದು ಕೇಂದ್ರವಿದೆ. ಅಲ್ಲಿಂದ ಹೊರಟ ನವೋದ್ಯಮಗಳು ಕೊಳವೆಗಳ ಗೈಡೆಡ್ ವೇವ್ ಉಪಕರಣವನ್ನು ದೇಶದಲ್ಲಿಯೇ ಮಾಡಿವೆ. ಒಂದು ಉಪಕರಣ, ಒಂದು ತರಬೇತಾದ ತಂಡ ಜಿಲ್ಲೆಗೆ ಸಾಕು. ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟ್ ಎಂದು ಬೆಂಗಳೂರಿನಿಂದ ಮಾದರಿ ಕೊಂಡು ತರುವ ಬದಲು ತಮ್ಮ ಊರಿನ ಸೇತುವೆಯ ಹಗ್ಗಕ್ಕೆ ಸುರುಳಿ ಸುತ್ತಲಿ. ಸಹಿ ಹಾಕುವ ಹೊಣೆ ಮಾತ್ರ ವಿದ್ಯಾರ್ಥಿಗಳದ್ದಲ್ಲ, ಪ್ರಾಧ್ಯಾಪಕರದ್ದೂ ಅಲ್ಲ. ಅದು ಹೆಸರಿರುವ ಒಬ್ಬ ಸರಕಾರಿ ಎಂಜಿನಿಯರರದ್ದಾಗಬೇಕು.

ಇಲ್ಲಿ ಕಟ್ಟಿದವರ ಅನುಭವವನ್ನು ಬದಿಗಿಡುವುದು ಮೂರ್ಖತನವಾದೀತು. ಯಾವ ಸೇತುವೆಗೆ ಯಾವ ದಪ್ಪದ ಹಗ್ಗ ಹಾಕಿದ್ದು, ದಿಮ್ಮಿ ಎಷ್ಟು ಆಳದಲ್ಲಿದೆ, ಯಾವ ಮಳೆಗಾಲದಲ್ಲಿ ಹೊಳೆ ಹಾಸು ಮುಟ್ಟಿತ್ತು ಎಂಬುದು ಸುಳ್ಯದ ವರ್ಕ್‌ಶಾಪುಗಳಲ್ಲಿ ದುಡಿದ ಹಿರಿಯ ಕೆಲಸಗಾರರ ನೆನಪಿನಲ್ಲಿರುವಷ್ಟು ಸ್ಪಷ್ಟವಾಗಿ ಯಾವ ಕಡತದಲ್ಲಿಯೂ ಇರಲಾರದು. ಅಲೆಯ ದಾಖಲೆಯ ಜತೆ ಆ ನೆನಪನ್ನೂ ಬರೆದಿಟ್ಟರೆ ಪ್ರತಿಧ್ವನಿಯ ಅರ್ಥ ಬಿಡಿಸುವುದು ಅರ್ಧ ಸುಲಭವಾಗುತ್ತದೆ.

ಕೆಲಸಕ್ಕೆ ಸರಿಯಾದ ಕಾಲ ಡಿಸೆಂಬರಿನಿಂದ ಫೆಬ್ರವರಿ. ಹೊಳೆ ಇಳಿದಿರುತ್ತದೆ, ದಿಮ್ಮಿಯ ಬಾಯಿ ಒಣಗಿರುತ್ತದೆ, ಅಗೆದು ನೋಡಬಹುದು. ಬೆಳಗಿನ ಹೊತ್ತು ತಾಪವೂ ಹೆಚ್ಚು ಏರಿಳಿಯುವುದಿಲ್ಲ. ಮೂರು ತಾಲೂಕುಗಳಲ್ಲಿ 25 ವರ್ಷ ದಾಟಿದ ತೂಗುಸೇತುವೆಗಳನ್ನು ಮೊದಲು ಹಿಡಿಯಬೇಕು. ಅವುಗಳಲ್ಲಿಯೂ ಪಕ್ಕದಲ್ಲಿ ಬೇರೆ ದಾರಿ ಇಲ್ಲದವನ್ನು ಎಲ್ಲಕ್ಕಿಂತ ಮೊದಲು. ಒಂದು ಸೇತುವೆಯ ಹಗ್ಗಗಳ ನಾಲ್ಕು ತುದಿಗಳಿಗೆ ಅರ್ಧ ದಿನ ಹಿಡಿದರೂ ಒಂದು ಬೇಸಗೆಯೊಳಗೆ ಮುಗಿಯುವ ಪಟ್ಟಿ ಇದು. ಆ ದಾಖಲೆಯ ಪ್ರತಿ ಪಂಚಾಯತ್ ಕಚೇರಿಯಲ್ಲಿ ಸಾರ್ವಜನಿಕರಿಗೆ ಸಿಗುವಂತಿರಲಿ. ಸೇತುವೆಯ ಗೋಪುರಕ್ಕೆ ಶಿಲಾನ್ಯಾಸದ ಕಲ್ಲಿನ ಪಕ್ಕ, ತಪಾಸಣೆಯ ದಿನಾಂಕವನ್ನೂ ಸಹಿ ಹಾಕಿದ ಎಂಜಿನಿಯರರ ಹೆಸರನ್ನೂ ಬರೆದ ಒಂದು ತಗಡು ಬರಲಿ. ಮಕ್ಕಳನ್ನು ಆಚೆ ದಡದ ಶಾಲೆಗೆ ಕಳಿಸುವವರು ಮುಂದಿನ ಗ್ರಾಮಸಭೆಯಲ್ಲಿ ಕೇಳಬೇಕಾದದ್ದು ಆ ದಿನಾಂಕವನ್ನೇ.